ಸ್ಯಾಮ್ ಹೇಳಿದ್ದು ಸರಿಯಾಗಿಯೇ ಇತ್ತು

ಹದಿಹರೆಯದವರಿಗಾಗಿ ಫ್ಯಾಂಟಸಿ ಕಾದಂಬರಿ ಬರೆಯುತ್ತೇನೆ, ಹೊಸಬರ ಹಸ್ತಪ್ರತಿಗಳನ್ನೂ ಓದುತ್ತೇನೆ. ಖಳನಾಯಕ ಎಲ್ಲರಿಗೂ ಒಲಿಯುತ್ತಾನೆ. ಬರವಣಿಗೆ ಎಡವುವುದು ಒಳ್ಳೆಯವರೇ ಒಬ್ಬರನ್ನೊಬ್ಬರು ನಂಬಲೋ ಬೇಡವೋ ಎಂದು ತಡವರಿಸುವ ಕಡೆ. ಆಗೆಲ್ಲ ನಾನು ಟೋಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ತೆರೆದು ಕೂರುತ್ತೇನೆ.

1. ಅನುಮಾನ ಪಡುವವನನ್ನು ದಡ್ಡನನ್ನಾಗಿ ಮಾಡಬೇಡಿ. ಹೆಚ್ಚಿನ ಹಸ್ತಪ್ರತಿಗಳಲ್ಲಿ ಅವನು ಹೊಟ್ಟೆಕಿಚ್ಚಿನವನು; ಕೊನೆಯಲ್ಲಿ ತಲೆ ತಗ್ಗಿಸುವುದಕ್ಕೆಂದೇ ಹುಟ್ಟಿದವನು. ವಿಭೀಷಣ ಶರಣು ಬಂದಾಗ ಬೇಡವೆಂದ ಸುಗ್ರೀವ ಹಾಗಿದ್ದನೇ? ಯುದ್ಧಕ್ಕೆ ಹೊರಟ ಯಾರಾದರೂ ಕೇಳಲೇಬೇಕಾದ ಪ್ರಶ್ನೆಯನ್ನೇ ಅವನು ಕೇಳಿದ. ಟೋಲ್ಕಿನ್‌ರ ಸ್ಯಾಮ್ ಕೂಡ ಅಷ್ಟೆ. ಕೇಡಿನ ಉಂಗುರವನ್ನು ನಾಶಮಾಡಲು ಹೊರಟ ಫ್ರೋಡೊನ ಜೊತೆಗಾರ ಅವನು; ಅವರಿಗೆ ದಾರಿ ತೋರಿಸುವವನು ಹಿಂದೆ ಅದೇ ಉಂಗುರ ಇಟ್ಟುಕೊಂಡಿದ್ದ ಗೋಲಮ್. ಅವನು ಮೋಸ ಮಾಡುತ್ತಾನೆ ಎಂದು ಸ್ಯಾಮ್ ಹೇಳುತ್ತಲೇ ಇರುತ್ತಾನೆ, ಗೋಲಮ್ ಮಾಡಿಯೇ ಮಾಡುತ್ತಾನೆ. ಆದರೆ ಕಿರಿತ್ ಉಂಗೊಲ್‌ನ ಮೆಟ್ಟಿಲುಗಳ ಮೇಲೊಂದು ದೃಶ್ಯವಿದೆ. ಫ್ರೋಡೊ ಸ್ಯಾಮ್‌ನ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಾನೆ, ಸ್ಯಾಮ್‌ಗೂ ನಿದ್ದೆ ಹತ್ತಿದೆ. ಆಗಷ್ಟೇ ಎಲ್ಲಿಗೋ ಹೋಗಿ ಬಂದ ಗೋಲಮ್ ಇಬ್ಬರನ್ನೂ ನೋಡುತ್ತಾನೆ. ಮುಖದ ಕ್ರೌರ್ಯ ಇಳಿಯುತ್ತದೆ. ದಣಿದ ಮುದುಕನ ಹಾಗೆ ಕೈಚಾಚಿ ಫ್ರೋಡೊನ ಮೊಣಕಾಲು ಮುಟ್ಟುತ್ತಾನೆ. ಎಚ್ಚರಗೊಂಡ ಸ್ಯಾಮ್ ಗದರುತ್ತಾನೆ, ಕಳ್ಳನೆಂಬಂತೆ ಮಾತಾಡಿಸುತ್ತಾನೆ. ಆ ಗಳಿಗೆ ಮತ್ತೆ ಬರುವುದಿಲ್ಲ. ಇಡೀ ಕಥೆಯಲ್ಲಿ ತಮಗೆ ಬಹುಶಃ ಅತ್ಯಂತ ದುರಂತವಾಗಿ ಕಂಡ ಕ್ಷಣ ಇದೇ ಎಂದು ಟೋಲ್ಕಿನ್ ಪತ್ರವೊಂದರಲ್ಲಿ ಬರೆದಿದ್ದಾರೆ. ಸ್ಯಾಮ್‌ನ ಲೆಕ್ಕ ತಪ್ಪಿರಲಿಲ್ಲ, ಪ್ರೀತಿಯೂ ಸುಳ್ಳಾಗಿರಲಿಲ್ಲ. ಆದರೂ ಬಾಗಿಲು ಮುಚ್ಚಿದವನು ಅವನೇ. ಇಷ್ಟನ್ನು ಒಂದೇ ಪುಟದಲ್ಲಿ ಹಿಡಿಯುವುದು ನನಗೆ ಈಗಲೂ ಹೊಟ್ಟೆಕಿಚ್ಚು ತರುವ ಕಸುಬುದಾರಿಕೆ.

2. ದಯೆಯ ಬೆಲೆಯನ್ನು ಕೆಲವೊಮ್ಮೆ ಬೇರೆಯವರು ತೆರಲಿ. ಸೆರೆಯಲ್ಲಿದ್ದ ಗೋಲಮ್‌ನ ಮೇಲೆ ಮರುಕಪಟ್ಟು ಮರ್ಕ್‌ವುಡ್‌ನ ಎಲ್ಫ್‌ಗಳು ಅವನನ್ನು ಮರ ಹತ್ತಲು ಬಿಡುತ್ತಾರೆ. ಒಂದು ರಾತ್ರಿ ಅವನು ಇಳಿಯಲೊಲ್ಲ; ಅದೇ ಹೊತ್ತಿಗೆ ಓರ್ಕ್‌ಗಳ ದಾಳಿ. ಅವನು ಪರಾರಿ, ಕಾವಲುಗಾರರು ಸತ್ತರು ಇಲ್ಲವೇ ಸೆರೆಯಾದರು. ಹಾಗೆಂದು ಎಲ್ಫ್‌ಗಳು ಮಾಡಿದ್ದು ತಪ್ಪೆಂದು ಪುಸ್ತಕ ಎಲ್ಲೂ ತೀರ್ಪು ಕೊಡುವುದಿಲ್ಲ.

3. ಬಾಗಿಲು ಕಾಯುವವನಿಗೂ ಸ್ವಂತ ಬುದ್ಧಿ ಕೊಡಿ. ರೋಹನ್ ನಾಡಿನ ರಾಜ ಥಿಯೋಡೆನ್‌ನ ಬಾಗಿಲಲ್ಲಿ ಹಾಮ ಎಲ್ಲರ ಆಯುಧಗಳನ್ನೂ ಇರಿಸಿಕೊಳ್ಳುತ್ತಾನೆ. ಮಾಂತ್ರಿಕ ಗ್ಯಾಂಡಾಲ್ಫ್‌ನ ಊರುಗೋಲು ಬರೀ ಊರುಗೋಲಲ್ಲ ಎಂಬ ಶಂಕೆ ಅವನಿಗೂ ಇದೆ. ಆದರೂ ಅದರ ಸಮೇತ ಒಳಗೆ ಬಿಡುತ್ತಾನೆ. ರೋಹನ್ನಿನ ಭವಿಷ್ಯವೇ ಅಲ್ಲಿ ತಿರುಗುತ್ತದೆ, ಅದೂ ಒಂದು ಸಣ್ಣ ಪಾತ್ರದ ಕೈಯಲ್ಲಿ.

4. ದಯೆ ಪಡೆದವನ ಕಣ್ಣಿಂದಲೂ ದೃಶ್ಯವನ್ನು ನೋಡಿ. ನಿಷೇಧಿತ ಕೊಳಕ್ಕೆ ಬಂದವರಿಗೆ ಸಾವೇ ಶಿಕ್ಷೆ. ಅದನ್ನು ಕಾಯುವ ಸೈನಿಕರ ನಾಯಕ ಫ್ಯಾರಮಿರ್‌ನನ್ನು ಬೇಡಿಕೊಂಡು ಗೋಲಮ್‌ನ ಜೀವ ಉಳಿಸುವ ಫ್ರೋಡೊ, ಅದಕ್ಕಾಗಿ ಅವನನ್ನು ನಯವಾಗಿ ಕರೆದು ಸೈನಿಕರ ಕೈಗೆ ಸಿಗುವಂತೆ ಮಾಡಬೇಕಾಗುತ್ತದೆ. ಉಳಿಸಿದವನ ಪಾಲಿಗೆ ಅದು ದಯೆ. ಉಳಿದವನಿಗೆ ಶುದ್ಧ ದ್ರೋಹ.

5. ಮನಸ್ಸು ಬದಲಾಗಲು ಉಪದೇಶ ಸಾಲದು. ಮೌಂಟ್ ಡೂಮ್‌ನ ಇಳಿಜಾರಿನಲ್ಲಿ ಗೋಲಮ್ ಕೈಗೆ ಸಿಕ್ಕಾಗ ಸ್ಯಾಮ್‌ನ ಕತ್ತಿ ತಡೆಯುತ್ತದೆ. ಸ್ವಲ್ಪ ಹೊತ್ತಾದರೂ ಆ ಉಂಗುರವನ್ನು ತಾನೇ ಹೊತ್ತವನು ಸ್ಯಾಮ್. ಅದರ ಹಿಂಸೆ ಎಂಥದೆಂದು ಗೊತ್ತು.

6. ದಯೆಯನ್ನು ಆಮೇಲಾದರೂ ಬರೆಯಬಹುದು. 1937ರ ‘ದಿ ಹಾಬಿಟ್’ನಲ್ಲಿ ಗೋಲಮ್ ಒಗಟಿನ ಪಂದ್ಯ ಸೋತು, ಮಾತಿಗೆ ತಪ್ಪದೆ ಕಥಾನಾಯಕ ಬಿಲ್ಬೊಗೆ ದಾರಿ ತೋರಿಸಿದ್ದ, ಕ್ಷಮಿಸುವ ಪ್ರಸಂಗವೇ ಇರಲಿಲ್ಲ. ಮುಂದಿನ ದೊಡ್ಡ ಕಥೆಗೆ ಹೊಂದಿಸಲು ಟೋಲ್ಕಿನ್ ಆ ಅಧ್ಯಾಯವನ್ನು ತಿದ್ದಿದರು. 1951ರ ಆವೃತ್ತಿಯಲ್ಲಿ ಬಿಲ್ಬೊ ಉಂಗುರ ತೊಟ್ಟು ಅದೃಶ್ಯನಾಗಿ, ಕತ್ತಿ ಹಿಡಿದು ನಿಂತು, ದಾರಿಗಡ್ಡವಾದವನನ್ನು ಕೊಲ್ಲದೆ ತಲೆಯ ಮೇಲಿಂದ ಜಿಗಿದು ಪಾರಾಗುತ್ತಾನೆ. ಅಚ್ಚಾಗಿ ಓದುಗರ ಮನೆ ಸೇರಿದ್ದ ಪುಸ್ತಕವನ್ನೇ ಅವರು ಬದಲಿಸಿದರು. ನಮ್ಮದಿನ್ನೂ ಹಸ್ತಪ್ರತಿ, ಹಿಂದೆ ಹೋಗಿ ಮೂರನೆಯ ಅಧ್ಯಾಯ ತಿದ್ದಲು ಯಾಕಷ್ಟು ಬಿಗುಮಾನವೋ!