ರೇಷ್ಮೆಯ ನೂಲಿನಲ್ಲಿ ನಿಯಂತ್ರಣಶಾಸ್ತ್ರದ ಮೊದಲ ಪಾಠ

ಸಂಕೇತ ಸಂಸ್ಕರಣ, ನಿಯಂತ್ರಣ ಎಂಬ ಶಾಸ್ತ್ರಗಳ ಹೆಸರು ಕೇಳಿ ನಮ್ಮ ಹೆಣ್ಣುಮಕ್ಕಳು ಅಂಜಬೇಕಾಗಿಲ್ಲ. ಇವುಗಳ ಮೊದಲ ಪಾಠವು ರಾಮನಗರದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಿಯೇ ಉಂಟು.

ಬಿಸಿನೀರಿನಲ್ಲಿರುವ ಹಲವು ಗೂಡುಗಳ ಎಳೆಗಳು ಕೂಡಿ ಒಂದು ನೂಲಾಗುತ್ತದೆ. ಗೂಡು ತೀರುತ್ತ ಬಂದಂತೆ ಎಳೆ ಸಣ್ಣದಾಗಿ ನೂಲು ತೆಳುವಾಗುತ್ತದೆ. ಈ ತೆಳುವೇ ಸಂಕೇತ. ನೂಲಿನ ಕ್ಷಣಿಕ ಅದುರಾಟವು ಬರಿಯ ಗದ್ದಲ. ಬಿಚ್ಚುವಾಕೆಯು ಗದ್ದಲವನ್ನು ಗಣಿಸದೆ, ಸಂಕೇತವನ್ನು ಬೇಕಾದ ದಪ್ಪದೊಡನೆ ಹೋಲಿಸಿ, ಹೊಸ ಗೂಡಿನ ಎಳೆಯನ್ನು ಸೇರಿಸುತ್ತಾಳೆ. ಇದೇ ಹಿಂಮಾಹಿತಿ. ಸ್ವಯಂಚಾಲಿತ ಯಂತ್ರವೂ ಇದನ್ನೇ ಮಾಡುತ್ತದೆ. ತಡವಾಗಿ ತಿದ್ದಿದರೆ ಅಷ್ಟು ನೂಲು ಕೆಟ್ಟಂತೆಯೇ. ಗಾಬರಿಯಿಂದ ಹೆಚ್ಚು ಗೂಡು ಸೇರಿಸಿದರೆ ನೂಲು ದಪ್ಪವಾಗುವುದು.

ಪ್ರಾಣಿಗೂ ಯಂತ್ರಕ್ಕೂ ಸಮಾನವೆಂದು ನಾರ್ಬರ್ಟ್ ವೀನರರು 1948ರ ಗ್ರಂಥದಲ್ಲಿ ವಿವರಿಸಿದ ತತ್ತ್ವವಿದು. ಪೋಷಕರೇ, ತಾಯಂದಿರ ಬೆರಳು ಬಲ್ಲುದನ್ನು ಗಣಿತದಲ್ಲಿ ಬರೆಯಲು ಹೆಣ್ಣುಮಕ್ಕಳಿಗೆ ಅವಕಾಶವೀಯಬೇಕೆಂದು ಬಿನ್ನವಿಸುತ್ತೇವೆ.