ದೂರದ ಪಾಠವೂ ತಡವಾಗುವ ತಾಳವೂ

ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಆ ಕೇಂದ್ರದಿಂದ. ಹಾಡುವವರು ಒಂದೆಡೆ, ಕೇಳುವವರು ಇನ್ನೊಂದೆಡೆ ಇರಬಹುದೆಂಬುದು ಆಗ ಜನಕ್ಕೆ ಸೋಜಿಗದ ಸಂಗತಿಯಾಗಿತ್ತು. ಆದರೆ ಬಾನುಲಿಯದು ಒಂದೇ ದಿಕ್ಕಿನ ಪ್ರಯಾಣ. ಕೇಳುವವನಿಗೆ ಹಾಡು ಕ್ಷಣಕಾಲ ತಡವಾಗಿ ತಲಪಿದರೂ ಯಾರಿಗೂ ನಷ್ಟವಿಲ್ಲ. ಈಗಿನ ಅಂತರಜಾಲದ ಸಂಗೀತಪಾಠದಲ್ಲಿ ಧ್ವನಿಯು ಹೋಗಿ ಹಿಂತಿರುಗಬೇಕು. ತೊಡಕು ಇರುವುದು ಅಲ್ಲಿಯೇ. ಆ ತೊಡಕು ನಮ್ಮ ಮನೆಯಲ್ಲಿ ಒಂದು ವೀಣೆಯನ್ನು ಮೂಲೆಗೆ ಸೇರಿಸುವುದರಲ್ಲಿತ್ತು.

ನನ್ನ ತಾಯಿಯವರು ಬಾಲ್ಯದಲ್ಲಿ ಎರಡು ವರ್ಷ ವೀಣೆ ಕಲಿತು ಬಿಟ್ಟವರು. 64ನೆಯ ವಯಸ್ಸಿನಲ್ಲಿ ಮರಳಿ ಅದನ್ನು ಕೈಗೆತ್ತಿಕೊಂಡರು. ಗುರುಗಳು ನಮ್ಮ ಬೀದಿಯಲ್ಲಿಯೇ ಬೆಳೆದು ಈಗ ಅಮೆರಿಕದ ನ್ಯೂ ಜೆರ್ಸಿಯಲ್ಲಿ ನೆಲೆಸಿರುವ ಮಹಿಳೆ. ತಾಯಿಯವರಿಗಿಂತ ಇಪ್ಪತ್ತು ವರ್ಷ ಕಿರಿಯರು. ಇಲ್ಲಿ ಬೆಳಗ್ಗೆ 6.30 ಆದಾಗ, ಅಲ್ಲಿಯ ಬೇಸಗೆಯ ಗಡಿಯಾರದಂತೆ, ಹಿಂದಿನ ದಿನದ ರಾತ್ರಿ 9 ಗಂಟೆ. ಅವರು ಅಲ್ಲಿ ತಾಳ ಹಾಕುವರು, ಇವರು ಇಲ್ಲಿ ನುಡಿಸುವರು. “ಅಮ್ಮ, ತಾಳಕ್ಕಿಂತ ಹಿಂದೆ ಬೀಳ್ತಾ ಇದ್ದೀರಿ” ಎಂಬ ಮಾತು ಮೂರು ವಾರ ಕೇಳಿಬಂದಿತು. ಒಂದು ದಿನ ತಾಯಿಯವರು ವೀಣೆಗೆ ಗವಸು ಹಾಕಿ, “ಕೈ ನಿಧಾನವಾಯ್ತು ಕಣೋ, ಇನ್ನು ಇದು ನನಗೆ ಆಗೋದಲ್ಲ” ಎಂದುಬಿಟ್ಟರು.

ನಾನೂ ಒಳಗೊಳಗೆ ಹಾಗೆಯೇ ಎಣಿಸಿದ್ದೆನು. ಭೌತವಿಜ್ಞಾನವನ್ನು ಬೋಧಿಸುವವನು ಅಳೆಯದೆ ತೀರ್ಪು ಕೊಟ್ಟದ್ದು ನಾಚಿಕೆಗೇಡಿನ ಸಂಗತಿ. ಆದರೆ ಅವರು ಒಬ್ಬರೇ ಕುಳಿತು ನುಡಿಸಿದಾಗ ತಾಳ ತಪ್ಪುತ್ತಿರಲಿಲ್ಲವೆಂಬುದು ನನಗೆ ನೆನಪಾಯಿತು. ಹಾಗಾದರೆ ತಪ್ಪು ಎಲ್ಲಿಯದು?

ಇದನ್ನು ಕಂಡುಹಿಡಿಯಲು ಹೂಡಿದ ಪ್ರಯೋಗವನ್ನು ವಿದ್ಯಾರ್ಥಿಗಳು ತಾವೂ ಮಾಡಬಹುದು. ಗುರುಗಳು ಅಲ್ಲಿ ಸಮನಾದ ಕಾಲದಲ್ಲಿ ಚಪ್ಪಾಳೆ ತಟ್ಟಿದರು. ನಾನು ಇಲ್ಲಿ, ನನಗೆ ಕೇಳಿದ ಚಪ್ಪಾಳೆಗೆ ಸರಿಯಾಗಿ ನನ್ನದನ್ನು ಸೇರಿಸಿದೆನು. ಸಮಕಾಲದ ಪೆಟ್ಟಾದ್ದರಿಂದ ಮುಂದಿನದು ಯಾವಾಗ ಬೀಳುವುದೆಂಬುದು ಮೊದಲೇ ತಿಳಿದಿರುತ್ತದೆ. ಕೇಳಿ ಆಮೇಲೆ ಕೈ ಎತ್ತುವ ವಿಳಂಬ ಇಲ್ಲಿ ಸೇರುವುದಿಲ್ಲ. ಇಬ್ಬರ ಸದ್ದನ್ನೂ ಗುರುಗಳು ತಮ್ಮ ಕಡೆಯಲ್ಲಿ ಮುದ್ರಿಸಿಕೊಂಡರು. ಧ್ವನಿಯ ಅಲೆಗಳ ಚಿತ್ರವನ್ನು ಗಣಕದ ಪರದೆಯ ಮೇಲೆ ಬಿಡಿಸಿ ನೋಡಿದಾಗ, ನನ್ನ ಪೆಟ್ಟುಗಳೆಲ್ಲವೂ ಅವರದಕ್ಕಿಂತ ಸುಮಾರು 0.4 ಸೆಕೆಂಡು ಹಿಂದೆ ಬಿದ್ದಿದ್ದುವು. ಅವರು ಹಾಕುತ್ತಿದ್ದುದು ನಿಮಿಷಕ್ಕೆ 75 ಪೆಟ್ಟು, ಅಂದರೆ ಒಂದೊಂದಕ್ಕೆ 0.8 ಸೆಕೆಂಡು. ಆದ್ದರಿಂದ ಇಲ್ಲಿ ಕಿಂಚಿತ್ತೂ ತಪ್ಪದೆ ನುಡಿಸಿದ ಸ್ವರವು ಅಲ್ಲಿ ಎರಡು ಪೆಟ್ಟುಗಳ ನಟ್ಟನಡುವೆ ಕೇಳಿಸುತ್ತಿತ್ತು! ನನ್ನ ವಯಸ್ಸು ಅರುವತ್ತನಾಲ್ಕಲ್ಲ. ಆದರೂ ನಾನು ಅಷ್ಟೇ ಹಿಂದೆ ಬಿದ್ದಿದ್ದೆನು.

ಈ ವಿಳಂಬದಲ್ಲಿ ಪ್ರಕೃತಿಯ ಪಾಲೆಷ್ಟು, ಯಂತ್ರದ ಪಾಲೆಷ್ಟು? ಮೈಸೂರಿಗೂ ನ್ಯೂ ಜೆರ್ಸಿಗೂ ಭೂಮಿಯ ಮೇಲ್ಮೈಯಲ್ಲಿ ಸುಮಾರು 13,400 ಕಿಲೋಮೀಟರು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರು ಚಲಿಸುತ್ತದೆ. ನೇರವಾದ ಎಳೆಯಿದ್ದರೂ ಹೋಗಲು 0.067 ಸೆಕೆಂಡು, ಹೋಗಿಬರಲು 0.134 ಸೆಕೆಂಡು ಬೇಕು. ಸಮುದ್ರದ ತಂತಿಗಳು ನೇರವಾಗಿಲ್ಲ. ಅದಲ್ಲದೆ ಯಂತ್ರವು ಧ್ವನಿಯನ್ನು ಚಿಕ್ಕ ತುಣುಕುಗಳನ್ನಾಗಿ ಕತ್ತರಿಸಿ ಕಳುಹುತ್ತದೆ. ಇನ್ನೊಂದು ಕಡೆಯ ಯಂತ್ರವು ಹಿಂದುಮುಂದಾಗಿ ಬಂದ ತುಣುಕುಗಳನ್ನು ಕ್ಷಣಕಾಲ ಕೂಡಿಟ್ಟು, ಕ್ರಮಪಡಿಸಿ ನುಡಿಸುತ್ತದೆ. ಉಳಿದ ಕಾಲ ಇದರಲ್ಲಿ ಕಳೆಯುತ್ತದೆ.

ಕೂಡಿ ನುಡಿಸುವವರು ಒಂದು ದಿಕ್ಕಿನಲ್ಲಿ ಸುಮಾರು 0.03 ಸೆಕೆಂಡಿನವರೆಗಿನ ವಿಳಂಬವನ್ನು ಸಹಿಸಬಲ್ಲರು. ಗಾಳಿಯಲ್ಲಿ ಶಬ್ದವು ಅಷ್ಟು ಕಾಲದಲ್ಲಿ ಸುಮಾರು 10 ಮೀಟರು ಹೋಗುತ್ತದೆ. ಕಚೇರಿಯ ವೇದಿಕೆ ಅದಕ್ಕಿಂತ ಚಿಕ್ಕದು. ನಮ್ಮ ಪಾಠದ ವಿಳಂಬ ಒಂದು ದಿಕ್ಕಿನಲ್ಲಿ ಸುಮಾರು 0.2 ಸೆಕೆಂಡು. ಮೃದಂಗದವರನ್ನು 68 ಮೀಟರು ದೂರದಲ್ಲಿ ಕೂರಿಸಿ ಕಚೇರಿ ನಡೆಸಿದಂತೆಯೇ ಸರಿ. ಭೂಗೋಳವನ್ನೇ ಕೊರೆದು, ನಿರ್ವಾತದಲ್ಲಿ ನೇರವಾಗಿ ಬೆಳಕನ್ನು ಹಾಯಿಸಿದರೂ 0.037 ಸೆಕೆಂಡು ಬೇಕಾಗುವುದು. ಯಂತ್ರಗಳು ಎಷ್ಟೇ ಸುಧಾರಿಸಲಿ, ಈ ಎರಡು ಊರುಗಳ ನಡುವೆ ಜೊತೆಗೂಡಿ ನುಡಿಸುವುದು ಸುಖಕರವಾಗಲಾರದು.

ಕಲಿಯುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಗುರು ಹೇಳಿ ನಿಲ್ಲಿಸುವುದು, ಶಿಷ್ಯ ಕೇಳಿ ಮರಳಿ ಒಪ್ಪಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಇದರಲ್ಲಿ ವಿಳಂಬವೆಲ್ಲ ನಡುವಣ ಮೌನದಲ್ಲಿ ಅಡಗಿಹೋಗುತ್ತದೆ. ತಾಳವನ್ನು ಮಾತ್ರ ನುಡಿಸುವವರ ಕಡೆಯೇ ಇಟ್ಟುಕೊಳ್ಳಬೇಕು. ಶ್ರುತಿಯೂ ಹಾಗೆಯೇ. ಮಾತಿಗಾಗಿ ರೂಪಿಸಿದ ಯಂತ್ರವು ಏರಿಳಿತವಿಲ್ಲದ ಸದ್ದನ್ನು ಫ್ಯಾನಿನ ಸದ್ದೆಂದು ಬಗೆದು ಅಳಿಸುತ್ತದೆ. ತಂಬೂರಿಯ ನಾದಕ್ಕೂ ಅದೇ ಗತಿ. ತಂಬೂರಿಯ ಬಾಗಿದ ಕುದುರೆಯಿಂದ ಹುಟ್ಟುವ ಉಪಸ್ವರಗಳ ಸಂಪತ್ತನ್ನು ಕುರಿತು ಸಿ. ವಿ. ರಾಮನ್ನರು 1921ರಲ್ಲಿಯೇ ಬರೆದಿದ್ದರು. ಅಂತಹ ನಾದವನ್ನು ಕಸವೆಂದು ಗುಡಿಸುವ ಈ ಏರ್ಪಾಡನ್ನು ಪಾಠದ ವೇಳೆಯಲ್ಲಿ ನಿಲ್ಲಿಸಿಡುವುದು ಲೇಸು.

ಇನ್ನು ವಯಸ್ಸಿನ ಮಾತು. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಸೆಕೆಂಡಿಗೆ ಹಲವು ಸಾವಿರ ಕಂಪನಗಳ ಎತ್ತರದ ಧ್ವನಿಗಳನ್ನು. ವೀಣೆಯ ಸ್ವರಗಳ ಮೂಲಕಂಪನಗಳು ಬಹುಪಾಲು 1,000ಕ್ಕಿಂತ ಕೆಳಗಿನವು. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 60ರಿಂದ 85 ವರ್ಷದವರು ಆರು ತಿಂಗಳು ಪಿಯಾನೊ ಕಲಿತು, ಗಮನ ಮತ್ತು ಚುರುಕಿನ ಕೆಲವು ಪರೀಕ್ಷೆಗಳಲ್ಲಿ ಕಲಿಯದವರಿಗಿಂತ ಮುಂದಾದರು. ಅದು ಸಣ್ಣ ಗುಂಪು. ಸಂಗೀತವು ಮರೆವಿಗೆ ಮದ್ದೆಂದು ಇದರಿಂದ ಸಾರುವುದು ಆತುರವಾದೀತು. ಮೈಸೂರು ವಾಸುದೇವಾಚಾರ್ಯರು ಸುಮಾರು 90ರ ವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರದ ರಾಮಾಯಣ ನೃತ್ಯರೂಪಕಗಳಿಗೆ ಸಂಗೀತ ರಚಿಸಿದರೆಂದು ತಾಯಿಯವರಿಗೆ ತಿಳಿಸಿದೆನು. “ಅವರು ಮಧ್ಯೆ ಇಷ್ಟೊಂದು ವರ್ಷ ಬಿಟ್ಟಿರಲಿಲ್ಲವಲ್ಲಾ” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೂ ಅಲೆಗಳ ಚಿತ್ರವನ್ನು ಕಂಡ ಮರುದಿನ ಗವಸು ಬಿಚ್ಚಿದರು. ಈಗ ತಾಳ ಇವರ ಬಳಿಯಲ್ಲಿಯೇ ಇದೆ. ಮೂರನೆಯ ಕಾಲದ ಜಂಟಿ ವರಸೆಯಲ್ಲಿ ಬೆರಳು ಇನ್ನೂ ಎಡವುತ್ತದೆ. ಅದು ಅಂತರಜಾಲದ ತಪ್ಪಲ್ಲವೆಂದು ಅವರೇ ನಗುತ್ತಾರೆ.