ಮನೋರೋಗವೂ ನಮ್ಮ ಸ್ತ್ರೀಯರೂ

ಶರೀರಕ್ಕೆ ರೋಗ ಬರುವಂತೆ ಮನಸ್ಸಿಗೂ ಬರುತ್ತದೆ ಎಂಬುದನ್ನು ನಾವೆಲ್ಲರೂ ಬಾಯಿಂದ ಒಪ್ಪುತ್ತೇವೆ. ನಡತೆಯಲ್ಲಿ ಒಪ್ಪುವವರು ವಿರಳ. ಜ್ವರ ಬಂದ ಸೊಸೆಯನ್ನು ದವಾಖಾನೆಗೆ ಕರೆದೊಯ್ಯುವ ಮನೆಯೇ, ಆಕೆ ನಿದ್ದೆ ಬಿಟ್ಟು ಒಬ್ಬಳೇ ಮಾತನಾಡತೊಡಗಿದರೆ 'ಆಕಿಗಿ ಗಾಳಿ ಹತ್ಯಾದ' ಎಂದು ಬಾಗಿಲು ಮುಚ್ಚುತ್ತದೆ. ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳ ಹಳ್ಳಿಗಳಲ್ಲಿ ಇಂಥ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆದ್ದರಿಂದ ಈ ವಿಷಯದಲ್ಲಿ ನಾನು ಓದಿ ತಿಳಿದ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ರೋಗದ ಸ್ವರೂಪ. ತೀವ್ರ ಮನೋರೋಗಗಳಲ್ಲಿ ಎರಡು ಮುಖ್ಯವಾದವು. ಸ್ಕಿಜೋಫ್ರೇನಿಯಾದಲ್ಲಿ ಇಲ್ಲದ ದನಿ ಕೇಳುತ್ತದೆ. ಜನರು ತನಗೆ ಕೇಡು ಬಗೆಯುತ್ತಿದ್ದಾರೆಂಬ ಸಂಶಯ ಬಲಿಯುತ್ತದೆ. ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸು ಕೆಲಕಾಲ ಮೇರೆ ಮೀರಿ ಉಬ್ಬಿ, ಕೆಲಕಾಲ ಆಳವಾಗಿ ಕುಗ್ಗುತ್ತದೆ. ಸ್ಕಿಜೋಫ್ರೇನಿಯಾ ಪುರುಷರಿಗಿಂತ ಸ್ತ್ರೀಯರಲ್ಲಿ ಸಾಮಾನ್ಯವಾಗಿ ಕೆಲವು ವರ್ಷ ತಡವಾಗಿ ತೋರುತ್ತದೆ. ಆ ವಯಸ್ಸಿಗೆ ನಮ್ಮ ಕಡೆಯ ಅನೇಕ ಹೆಣ್ಣುಮಕ್ಕಳಿಗೆ ಮದುವೆಯಾಗಿ ಕೈಯಲ್ಲಿ ಕೂಸಿರುತ್ತದೆ. ಹಿರಿಯರು 'ಬಾಣಂತಿ ಸನ್ನಿ' ಎನ್ನುವ ಕಾಯಿಲೆಯಾದರೋ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುತೇಕ ಮೊದಲ ಎರಡು ವಾರಗಳೊಳಗೆ ಬರುತ್ತದೆ. ಅದು ತಾಯಿಗೂ ಕೂಸಿಗೂ ಅಪಾಯದ ಕಾಲ. ಒಂದು ದಿನವೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಹೆಚ್ಚಿನವರು ಗುಣವಾಗುತ್ತಾರೆ. ತಾಯಿಯನ್ನೂ ಕೂಸನ್ನೂ ಅಗಲಿಸದೆ ಚಿಕಿತ್ಸೆ ಮಾಡುವ ವಿಭಾಗವೊಂದು ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2009ರಲ್ಲಿ ಆರಂಭವಾಯಿತು.

ಆದರೆ ಬೆಂಗಳೂರು ನಮಗೆ ಎಷ್ಟು ದೂರ! ರೋಗಿಯಾದ ಸ್ತ್ರೀ ಒಬ್ಬಳೇ ಬಸ್ಸು ಹತ್ತಲಾರಳು. ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಚಿಕಿತ್ಸೆ ಹತ್ತಿರವಿರಬೇಕೆಂಬುದನ್ನು ತೋರಿಸಿದ್ದು ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಮಟ್ಟದಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಯೋಜನೆಯನ್ನು ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿತು. ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಖರ್ಚಿಲ್ಲದೆ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು. ಇಷ್ಟಿದ್ದರೂ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಿವಿಧ ಮನೋರೋಗಗಳುಳ್ಳವರಲ್ಲಿ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯ ಹೊರಗಿದ್ದರು.

ಚಿಕಿತ್ಸೆ ದೊರೆತ ಮೇಲೆ ಏಳುವ ಪ್ರಶ್ನೆಯೇ ಸ್ತ್ರೀಯ ಪಾಲಿಗೆ ಕಠಿಣವಾದುದು: ಆಕೆ ಯಾರ ಮನೆಗೆ ಹೋಗಬೇಕು? ಗಂಡನ ಮನೆಯವರು ತವರಿಗೆ ಕಳುಹುತ್ತಾರೆ. ತವರಿನಲ್ಲಿ ತಂದೆತಾಯಿಗಳು ಇರುವತನಕ ಆಸರೆ, ಆಮೇಲೆ ಅಣ್ಣತಮ್ಮಂದಿರ ಮರ್ಜಿ. 'ಮದುವೆ ಮಾಡಿದರೆ ನೆಟ್ಟಗಾಗುತ್ತಾಳೆ' ಎಂಬ ನಂಬಿಕೆಯಿಂದ ರೋಗವನ್ನು ಬಚ್ಚಿಟ್ಟು ಮದುವೆ ಮಾಡುವುದುಂಟು. ಹೊಸ ಮನೆಯಲ್ಲಿ ಕದ್ದು ಗುಳಿಗೆ ನುಂಗಲಾಗದೆ ಆಕೆ ಅದನ್ನು ಬಿಡುತ್ತಾಳೆ, ರೋಗ ಮರುಕಳಿಸುತ್ತದೆ, ಅಪವಾದ ಮಾತ್ರ ಆಕೆಯ ತಲೆಗೆ ಬರುತ್ತದೆ. ಬಸುರಿಯಾದಾಗ ಗುಳಿಗೆಯನ್ನು ತಾನಾಗಿ ನಿಲ್ಲಿಸುವುದೂ ಕೆಡುಕೇ. ವಾಲ್ಪ್ರೊಯೇಟಿನಂಥ ಕೆಲವು ಔಷಧಿಗಳಿಂದ ಗರ್ಭದ ಶಿಶುವಿಗೆ ಹಾನಿಯುಂಟು ನಿಜ. ಅದಕ್ಕಾಗಿಯೇ ಮೊದಲೇ ವೈದ್ಯರಿಗೆ ತಿಳಿಸಿ ಔಷಧಿಯನ್ನು ಬದಲಾಯಿಸಿಕೊಳ್ಳಬೇಕು.

ಈ ನಿರಾಶ್ರಿತ ಸ್ಥಿತಿಗೆ ಕಾನೂನು ಒಂದಿಷ್ಟು ತಡೆಯೊಡ್ಡಿದೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮನೋರೋಗವು ವಿಚ್ಛೇದನಕ್ಕೆ ಒಂದು ಕಾರಣವೆಂದಿದ್ದರೂ, ರೋಗದ ಹೆಸರೊಂದೇ ಸಾಲದು, ಜೊತೆಯಾಗಿ ಬಾಳಲಾಗದಷ್ಟು ಅದು ತೀವ್ರವೆಂದು ಸಿದ್ಧವಾಗಬೇಕು ಎಂದು 1988ರಲ್ಲಿ ಸುಪ್ರೀಂ ಕೋರ್ಟು ಹೇಳಿ, ಒಬ್ಬ ಗಂಡನ ಅರ್ಜಿಯನ್ನು ಒಪ್ಪಲಿಲ್ಲ. ತಮಿಳುನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಲ್ಪಟ್ಟಿದ್ದ 28 ಮಂದಿ ರೋಗಿಗಳು ಸತ್ತರು. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಯಾವ ರೀತಿಯಲ್ಲಿಯೂ ಸರಪಳಿ ಹಾಕಕೂಡದೆನ್ನುತ್ತದೆ. ಮನೆಯವರು ಒಪ್ಪುವುದಿಲ್ಲವೆಂಬ ಒಂದೇ ಕಾರಣದಿಂದ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲಾಗದು. ಸಮಾಜದ ನಡುವೆ ಬಾಳುವುದು ಅವರ ಹಕ್ಕು. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಆಕೆ ನೆಮ್ಮದಿಯಾಗಿರುವಾಗಲೇ ಬರೆದಿಡಬಹುದು. ಸ್ತ್ರೀಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಲು ತಾಲೂಕು ಕಾನೂನು ಸೇವಾ ಸಮಿತಿಗಳಿವೆ.

ಆದರೂ ಕಾಯಿದೆಯು ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಲಾರದು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು 1950ರ ದಶಕದಲ್ಲಿ ರೋಗಿಗಳ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಇಳಿಸಿಕೊಂಡು, ರೋಗವೆಂದರೇನೆಂದು ಅವರಿಗೆ ತಿಳಿಹೇಳಿದರು. ತಿಳಿದ ಮನೆಯವರು ತಮ್ಮವರನ್ನು ಕರೆದುಕೊಂಡು ಹೋದರು. ಆ ತಿಳಿವಳಿಕೆಯ ಕೆಲಸ ನಮ್ಮಿಂದಲೂ ಆಗತಕ್ಕದ್ದು. ನಮ್ಮ ಮನೆತನದಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲಿಗಳು. ನಿಮ್ಮಲ್ಲಿಯೂ ಅನೇಕರು ಹಾಗೆಯೇ. ಓಣಿಯವರು ಕಾಗದಪತ್ರ ಓದಿಸಲು ನಮ್ಮಲ್ಲಿಗೇ ಬರುತ್ತಾರೆ. ವೈದ್ಯರ ಚೀಟಿ ಓದಿ ಹೇಳುವುದು, ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ತುಂಬುವುದು, ಮಂಗಳವಾರ ಆಕೆಯ ಜೊತೆ ತಾಲೂಕು ಆಸ್ಪತ್ರೆಗೆ ಹೋಗಿಬರುವುದು, 'ಹುಚ್ಚಿ' ಎನ್ನದೆ ಹೆಸರು ಹಿಡಿದು ಕರೆಯುವುದು: ಇವಕ್ಕೆ ಹಣ ಬೇಡ.

ಹನ್ನೆರಡನೆಯ ಶತಮಾನದಲ್ಲಿ ಶರಣೆಯರ ಮಾತಿಗೆ ಕಿವಿಗೊಟ್ಟ ಕಲ್ಯಾಣ ನಮ್ಮದು. ನೊಂದ ಹೆಣ್ಣಿನ ಮಾತಿಗೂ ಈ ನೆಲದಲ್ಲಿ ಎಡೆ ದೊರೆಯುವಂತೆ ಮಾಡುವುದು ಓದಿದವರಾದ ನಮ್ಮ ಕರ್ತವ್ಯವಲ್ಲವೇ?

— ಅಂತಿಮ ಬಿ.ಎ. ವಿದ್ಯಾರ್ಥಿನಿ